ಸಹಾಯ ಬೇಕು: ಸಿನಗಾಗ್‌ಗೆ ಮೊದಲ ಸಲ ಹೋಗುವ ವಿದ್ಯಾರ್ಥಿಗಳ ಕೈಪಿಡಿಗೆ ಹೀಬ್ರೂ ಬಲ್ಲವರು

ನಮಸ್ಕಾರ. ಅಮೆರಿಕದಲ್ಲಿ ಧರ್ಮ ಅಧ್ಯಯನದ ಕೋರ್ಸಿಗಾಗಿ ಸಿನಗಾಗ್‌ಗೆ, ಅಂದರೆ ಯೆಹೂದಿಯರ ಪ್ರಾರ್ಥನಾ ಮಂದಿರಕ್ಕೆ, ಶುಕ್ರವಾರ ಸಂಜೆಯ ಪ್ರಾರ್ಥನೆಗೆ ಹೋಗುವ ನಮ್ಮ ಹುಡುಗ ಹುಡುಗಿಯರಿಗೆ ಒಂದು ಪುಟದ ಕನ್ನಡ ಕೈಪಿಡಿ ಸಿದ್ಧವಾಗುತ್ತಿದೆ. ಉಚ್ಚಾರ ತಿದ್ದಿಕೊಡುವವರು ಬೇಕು.

ಇಷ್ಟು ಬರೆದಾಗಿದೆ: ಮೊದಲೇ ಸಿನಗಾಗ್ ಕಚೇರಿಗೆ ಇಮೇಲ್ ಮಾಡಿ, ಬಾಗಿಲಲ್ಲಿ ತಪಾಸಣೆ ಇರಬಹುದು. ಗಂಡಸರು ಅಲ್ಲಿ ಬುಟ್ಟಿಯಲ್ಲಿಟ್ಟಿರುವ ಕಿಪ್ಪಾ ಟೋಪಿ ಹಾಕಿಕೊಳ್ಳಿ. ತಲ್ಲೀತ್ ಶಾಲು ಮಾತ್ರ ಯೆಹೂದಿಯರದ್ದು, ಹೊದೆಯಬೇಡಿ. ಆರ್ಥೊಡಾಕ್ಸ್ (ಕಟ್ಟಾ ಸಂಪ್ರದಾಯದ) ಸಿನಗಾಗ್‌ನಲ್ಲಿ ಹೆಂಗಸರಿಗೆ ಬೇರೆ ಸಾಲು. ಪ್ರಾರ್ಥನಾ ಪುಸ್ತಕ ಬಲಗಡೆಯಿಂದ ತೆರೆಯುತ್ತದೆ, ನೆಲದ ಮೇಲೆ ಇಡಬಾರದು.

ಹೆಚ್ಚಿನವರು ತಪ್ಪುವುದು ಟಿಪ್ಪಣಿಯಲ್ಲಿ. ಶುಕ್ರವಾರ ಸೂರ್ಯಾಸ್ತಕ್ಕೆ ಶುರುವಾಗುವ ವಾರದ ವಿಶ್ರಾಂತಿ ದಿನ ಶಬ್ಬಾತ್. ಅದು ಶುರುವಾದ ಮೇಲೆ ಬರೆಯುವುದು ನಿಷಿದ್ಧ, ಫೋನೂ ಅಷ್ಟೇ. ಕೋರ್ಸಿನ ವರದಿಯನ್ನು ರೂಮಿಗೆ ಬಂದು ಬರೆಯಿರಿ. ನಿಂತು ಮೌನವಾಗಿ ಹೇಳುವ ‘ಅಮಿದಾ’ ಪ್ರಾರ್ಥನೆಯ ಹೊತ್ತಿನಲ್ಲಿ ಯಾರ ಮುಂದೆಯೂ ದಾಟಬೇಡಿ. ‘ಲೆಖಾ ದೋದಿ’ ಎಂಬ ಹಾಡಿನ ಕೊನೆಯ ಚರಣಕ್ಕೆ ಎಲ್ಲರೂ ಎದ್ದು ಬಾಗಿಲ ಕಡೆ ತಿರುಗುತ್ತಾರೆ, ಶಬ್ಬಾತ್ ಎಂಬ ಮದುವಣಗಿತ್ತಿಯ ಸ್ವಾಗತವದು. ನೀವೂ ತಿರುಗಿ.

ತೊಡಕಿರುವುದು ಆ ‘ಖ’ದಲ್ಲೇ. ಗಂಟಲು ಉಜ್ಜಿ ಬರುವ ಆ ಧ್ವನಿಗೆ ಕನ್ನಡದಲ್ಲಿ ಅಕ್ಷರವಿಲ್ಲ. ‘ಹ’ ತೀರಾ ಸಡಿಲ. ಚುಕ್ಕಿ ಹಾಕಿ ‘ಖ಼’ ಎಂದು ಬರೆದರೆ ಓದುವವರಿಗೆ ತಿಳಿಯುತ್ತದೆಯೇ? ಹೀಬ್ರೂ ಕಲಿತವರು ದಯವಿಟ್ಟು ತಿಳಿಸಿ, ಸಾಧ್ಯವಾದರೆ ಆ ಚರಣವನ್ನು ನಿಧಾನವಾಗಿ ಹೇಳಿ ಧ್ವನಿಮುದ್ರಿಸಿ ಕಳಿಸಿ.