ಎಲಾಸ್ಟಿಕ್‌ಸರ್ಚ್ ವಾಚರ್: ಕ್ಲೈಂಟ್‌ನಿಂದ ಸಕ್ರಿಯಗೊಳಿಸಿದರೂ ಎಚ್ಚರಿಕೆಯ ಮೇಲ್ ಬರುತ್ತಿಲ್ಲ

ಪ್ರಶ್ನೆ:
ನಮಸ್ಕಾರ. ನಾವು ಎಲಾಸ್ಟಿಕ್‌ಸರ್ಚ್ ಎಂಬ ಹುಡುಕಾಟ ತಂತ್ರಾಂಶದ ವಾಚರ್ (ದತ್ತಾಂಶವನ್ನು ಗಮನಿಸಿ ಎಚ್ಚರಿಕೆ ಕಳುಹಿಸುವ ಭಾಗ) ಬಳಸುತ್ತಿದ್ದೇವೆ. ಸರ್ವರ್ ಲಾಗ್‌ಗಳಲ್ಲಿ ದೋಷಗಳು ಮಿತಿ ಮೀರಿದರೆ ಮೇಲ್ ಕಳುಹಿಸುವ ವಾಚ್ (ನಿಗಾ ನಿಯಮ) ಒಂದನ್ನು ನಮ್ಮ ಸ್ಕ್ರಿಪ್ಟ್ ನಿಷ್ಕ್ರಿಯ ಸ್ಥಿತಿಯಲ್ಲಿ ಉಳಿಸಿ, ಬಳಿಕ ಪೈಥಾನ್ ಕ್ಲೈಂಟ್‌ನ ‘ಆಕ್ಟಿವೇಟ್ ವಾಚ್’ ಕರೆಯಿಂದ ಚಾಲೂ ಮಾಡುತ್ತದೆ. ಉತ್ತರದಲ್ಲಿ ‘ಆಕ್ಟಿವ್: ಟ್ರೂ’ ಎಂದೇ ಬರುತ್ತದೆ. ಅಡ್ಮಿನ್ ಖಾತೆಯಿಂದ ‘ಎಕ್ಸಿಕ್ಯೂಟ್ ವಾಚ್’ (ವಾಚ್ ಅನ್ನು ಕೈಯಾರೆ ಓಡಿಸುವ ಕರೆ) ಮಾಡಿದರೆ ಮೇಲ್ ಸಹ ತಲುಪುತ್ತದೆ. ಆದರೆ ವೇಳಾಪಟ್ಟಿಯಂತೆ ತಾನಾಗಿ ಓಡಿದಾಗ ಏನೂ ಬರುವುದಿಲ್ಲ. ಸ್ಕ್ರಿಪ್ಟ್‌ನ ಖಾತೆಗೆ ‘ಮ್ಯಾನೇಜ್ ವಾಚರ್’ ಅಧಿಕಾರವಿದೆ. ದಯವಿಟ್ಟು ದಾರಿ ತೋರಿಸಿ.

ಉತ್ತರ:
ನಮಸ್ಕಾರ ಸರ್. ಕೈಯಾರೆ ಓಡಿಸಿದಾಗ ಮೇಲ್ ಬರುತ್ತಿದೆ ಎಂದ ಮೇಲೆ ಮೇಲ್ ಖಾತೆಯ ಸಂರಚನೆ ಸರಿಯಿದೆ. ನನ್ನ ಅನುಮಾನ ಅಧಿಕಾರದ ಮೇಲೆ. ಭದ್ರತೆ ಚಾಲೂ ಇರುವ ಕ್ಲಸ್ಟರ್‌ನಲ್ಲಿ (ಒಟ್ಟಾಗಿ ಕೆಲಸ ಮಾಡುವ ಸರ್ವರ್‌ಗಳ ಗುಂಪಿನಲ್ಲಿ) ವಾಚ್ ವೇಳಾಪಟ್ಟಿಯಂತೆ ಓಡುವುದು ಅದನ್ನು ಉಳಿಸಿದ ಬಳಕೆದಾರನ ಅಧಿಕಾರದಲ್ಲಿ. ‘ಎಕ್ಸಿಕ್ಯೂಟ್ ವಾಚ್’ ಮಾತ್ರ ಆ ಕರೆ ಮಾಡಿದವರ ಅಧಿಕಾರದಲ್ಲಿ ಓಡುತ್ತದೆ. ಆದ್ದರಿಂದ ಅಡ್ಮಿನ್ ಖಾತೆಯ ಪರೀಕ್ಷೆ ಇಲ್ಲಿ ನಿಮ್ಮನ್ನು ದಾರಿ ತಪ್ಪಿಸುತ್ತದೆ. ‘ಮ್ಯಾನೇಜ್ ವಾಚರ್’ ಎಂಬುದು ವಾಚ್‌ಗಳನ್ನು ನಿರ್ವಹಿಸಲು ಬಿಡುತ್ತದೆಯೇ ಹೊರತು ಲಾಗ್ ಇಂಡೆಕ್ಸ್‌ಗಳನ್ನು (ಲಾಗ್ ದಾಖಲೆಗಳ ಸಂಗ್ರಹಗಳನ್ನು) ಓದಲು ಬಿಡುವುದಿಲ್ಲ. ಆ ಖಾತೆಗೆ ಬೇರಾವುದೋ ಇಂಡೆಕ್ಸ್ ಓದುವ ಅಧಿಕಾರವಷ್ಟೇ ಇದ್ದು, ವಾಚ್‌ನಲ್ಲಿ ಇಂಡೆಕ್ಸ್ ಹೆಸರನ್ನು ನಕ್ಷತ್ರ ಚಿಹ್ನೆಯೊಂದಿಗೆ (ಹಲವು ಹೆಸರುಗಳಿಗೆ ಹೊಂದುವಂತೆ) ಬರೆದಿದ್ದರೆ, ಹುಡುಕಾಟವು ದೋಷವನ್ನೇ ತೋರಿಸದೆ ಸೊನ್ನೆ ಫಲಿತಾಂಶ ಕೊಡುತ್ತದೆ. ಷರತ್ತು ಈಡೇರದ ಕಾರಣ ಮೇಲ್ ಹೊರಡುವುದಿಲ್ಲ.

ಖಚಿತಪಡಿಸಿಕೊಳ್ಳಲು ‘ವಾಚರ್ ಹಿಸ್ಟರಿ’ ಇಂಡೆಕ್ಸ್‌ನಲ್ಲಿ ನಿಮ್ಮ ವಾಚ್‌ನ ಇತ್ತೀಚಿನ ದಾಖಲೆಯನ್ನು ತೆರೆದು ನೋಡಿ. ಅಲ್ಲಿ ಸ್ಥಿತಿ ‘ಎಕ್ಸಿಕ್ಯೂಷನ್ ನಾಟ್ ನೀಡೆಡ್’ (ಷರತ್ತು ಈಡೇರಿಲ್ಲ) ಎಂದೂ, ಇನ್‌ಪುಟ್‌ನ ಪೇಲೋಡ್‌ನಲ್ಲಿ (ಹುಡುಕಾಟದಿಂದ ಬಂದ ದತ್ತಾಂಶದಲ್ಲಿ) ಹಿಟ್‌ಗಳು (ಸಿಕ್ಕ ಫಲಿತಾಂಶಗಳು) 0 ಎಂದೂ ಇದ್ದರೆ ಕಾರಣ ಇದೇ ಇರಬೇಕು. ದಾಖಲೆಯೇ ಇಲ್ಲದಿದ್ದರೆ ವಿಷಯ ಬೇರೆ. ಆಗ ‘ವಾಚರ್ ಸ್ಟ್ಯಾಟ್ಸ್’ ಕರೆದು ಸೇವೆ ‘ಸ್ಟಾರ್ಟೆಡ್’ ಸ್ಥಿತಿಯಲ್ಲಿದೆಯೇ ನೋಡಿ. ಕೈಯಾರೆ ಓಡಿಸಿದ್ದು ‘ರೆಕಾರ್ಡ್ ಎಕ್ಸಿಕ್ಯೂಷನ್’ ಆಯ್ಕೆ ಕೊಡದ ಹೊರತು ಹಿಸ್ಟರಿಯಲ್ಲಿ ದಾಖಲಾಗುವುದಿಲ್ಲ ಎಂಬುದೂ ಗಮನದಲ್ಲಿರಲಿ.

ಪರಿಹಾರವಾಗಿ, ಸ್ಕ್ರಿಪ್ಟ್‌ನ ಖಾತೆಗೆ ಆ ಲಾಗ್ ಇಂಡೆಕ್ಸ್‌ಗಳ ಮೇಲೆ ‘ರೀಡ್’ (ಓದುವ) ಅಧಿಕಾರವಿರುವ ರೋಲ್ (ಅಧಿಕಾರಗಳ ಗುಚ್ಛ) ಕೊಟ್ಟು, ಅದೇ ಖಾತೆಯಿಂದ ವಾಚ್ ಅನ್ನು ಮತ್ತೊಮ್ಮೆ ‘ಪುಟ್’ ಮಾಡಿ (ಉಳಿಸಿ). ಈ ಎರಡನೆಯ ಹೆಜ್ಜೆಯನ್ನು ಬಿಡಬೇಡಿ: ‘ಆಕ್ಟಿವೇಟ್’ ಕರೆ ಸ್ಥಿತಿಯನ್ನಷ್ಟೇ ಬದಲಿಸುತ್ತದೆ, ವಾಚ್ ಜೊತೆ ಉಳಿದಿರುವ ಬಳಕೆದಾರನ ಅಧಿಕಾರದ ಮಾಹಿತಿಯನ್ನು ಮುಟ್ಟುವುದಿಲ್ಲ.

ಪ್ರಶ್ನೆ ಕೇಳಿದವರು:
ಧನ್ಯವಾದಗಳು ಸರ್. ಹಿಸ್ಟರಿಯಲ್ಲಿ ಹಿಟ್‌ಗಳು 0 ಎಂದೇ ಇದ್ದವು. ರೋಲ್ ಕೊಟ್ಟು ಮರಳಿ ಉಳಿಸಿದ ಮೇಲೆ ಮೇಲ್ ಬರುತ್ತಿದೆ. ಮತ್ತೆ ‘ಪುಟ್’ ಮಾಡಿದಾಗ ವಾಚ್ ನಿಷ್ಕ್ರಿಯವಾಗಿಯೇ ಉಳಿಯುತ್ತದೆಯೇ?

ಉತ್ತರ:
ಇಲ್ಲ ಸರ್. ‘ಆಕ್ಟಿವ್’ ನಿಯತಾಂಕಕ್ಕೆ ‘ಫಾಲ್ಸ್’ ಎಂದು ಸ್ಪಷ್ಟವಾಗಿ ಕೊಡದಿದ್ದರೆ ವಾಚ್ ಸಕ್ರಿಯವಾಗಿಯೇ ಉಳಿಸಲ್ಪಡುತ್ತದೆ.