ಮಲಯಾಳಿ ಗೆಳತಿಯರಿಗೆ ತೋರಿಸಲು ಕನ್ನಡ ಬ್ಯಾಂಡ್ ಹೇಳಿ, ಮರ್ಯಾದೆ ಪ್ರಶ್ನೆ

ಪೆರ್ಲದವಳು:

ಎಲ್ಲರಿಗೂ ನಮಸ್ಕಾರ. ಕಾಸರಗೋಡಿನಲ್ಲಿ ಓದುತ್ತಿದ್ದೇನೆ. ಕ್ಲಾಸಿನಲ್ಲಿ ಮುಕ್ಕಾಲು ಪಾಲು ಮಲಯಾಳಂನವರು, ನಾವು ಕನ್ನಡದವರು ಏಳು ಜನ. ಮಧ್ಯಾಹ್ನ ಬುತ್ತಿ ಬಿಚ್ಚಿದ ಕೂಡಲೇ ಒಂದು ಫೋನಿನ ಸುತ್ತ ಎಲ್ಲರೂ ಸೇರಿ ಮ್ಯೂಸಿಕ್ ವಿಡಿಯೋ ನೋಡುತ್ತೇವೆ. ನಿಯಮ ಒಂದೇ, ಸಿನಿಮಾ ಹಾಡು ಹಾಕುವ ಹಾಗಿಲ್ಲ.

ಅವರ ಹತ್ತಿರ ಸ್ಟಾಕ್ ಮುಗಿಯುವುದೇ ಇಲ್ಲ ಮಾರಾಯ್ರೆ. ಮೊದಲು ಅವಿಯಲ್ ಅನ್ನುವ ಮಲಯಾಳಂ ರಾಕ್ ಬ್ಯಾಂಡ್ ತೋರಿಸಿದರು. ಆ ಗಿಟಾರ್ ಶುರುವಾದದ್ದೇ ನಾನು ಬುತ್ತಿ ಮುಚ್ಚಲು ಮರೆತು ಕೂತಿದ್ದೆ, ಕಾಗೆ ಬಂದು ಮೀನು ಎತ್ತಿಕೊಂಡು ಹೋಯಿತು. ಆಮೇಲೆ ಕಣ್ಣೂರಿನ ದಿ ಡೌನ್ ಟ್ರಾಡೆನ್ಸ್. ಅದು ಮೆಟಲ್, ನನಗೆ ಮೆಟಲ್ ಆಗುವುದಿಲ್ಲ, ಕಿವಿ ನೋಯುತ್ತದೆ. ಆದರೆ ತೆಯ್ಯಂ ಬರುವ ಮುಂಚೆ ಚೆಂಡೆ ಏರುತ್ತದಲ್ವಾ, ಮೈ ಜುಂ ಅನ್ನುವ ಹೊತ್ತು, ಅದೇ ಇವರ ಡ್ರಮ್ಸ್‌ನಲ್ಲಿ ಬಂದಾಗ ಸುಮ್ನೆ ಕೂರಲು ಆಗಲಿಲ್ಲ. ಹನುಮಾನ್‌ಕೈಂಡ್ 2024ರಲ್ಲಿ ಪೊನ್ನಾನಿಯ ಮರಣಬಾವಿಯೊಳಗೆ ನಿಂತು ರ‍್ಯಾಪ್ ಮಾಡಿದ ವಿಡಿಯೋವಂತೂ ಹತ್ತು ಸಲ ನೋಡಿದ್ದೇವೆ. ಸಣ್ಣವಳಿದ್ದಾಗ ಜಾತ್ರೆಯಲ್ಲಿ ಅಪ್ಪನ ಕೈ ಹಿಡಿದು ಮೇಲಿನಿಂದ ಬಗ್ಗಿ ನೋಡಿದ ಅದೇ ಹಲಗೆಯ ಬಾವಿ, ಅದೇ ಬೈಕಿನ ಸದ್ದು. ಅದು ಊರೆಲ್ಲ ಸುತ್ತಿ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಗೂ ಹತ್ತಿತು.

ಹೋದ ವಾರ ಒಬ್ಬಳು ಕೇಳಿಯೇ ಬಿಟ್ಟಳು, "ನಿಮ್ಮ ಕನ್ನಡದಲ್ಲಿ ಎಂತ ಇದೆ?" ಅಂತ. ನಾವು ಏಳೂ ಜನ ಒಬ್ಬರ ಮುಖ ಒಬ್ಬರು ನೋಡಿದೆವು. ಬಾಯಿಗೆ ಬಂದದ್ದೆಲ್ಲ ಸಿನಿಮಾ ಹಾಡು. ಹಾಗಾಗಿ ಕನ್ನಡ ಒಂದಕ್ಷರ ಬಾರದವರೂ ಕೊನೆತನಕ ಕೂತು ಕೇಳುವಂಥ ಬ್ಯಾಂಡ್ ಒಂದೆರಡು ಹೇಳಿ. ಸೋಮವಾರ ನನ್ನ ಸರದಿ.

ಕುಂಬಳೆ ಪೇಟೆ:

ಇದಕ್ಕೆ ಇಷ್ಟು ತಲೆಬಿಸಿ ಯಾಕೆ, ರಘು ದೀಕ್ಷಿತ್ ಹಾಕು. ಅವಿಯಲ್‌ನವರ ಮೊದಲ ಆಲ್ಬಂ ಬಂದದ್ದು 2008ರಲ್ಲಿ, ರಘು ದೀಕ್ಷಿತ್ ಪ್ರಾಜೆಕ್ಟ್‌ನ ಮೊದಲ ಆಲ್ಬಂ ಬಂದದ್ದೂ ಅದೇ 2008ರಲ್ಲಿ. ಇದನ್ನು ಅವರಿಗೆ ಹೇಳು, ನಾವೇನು ಹಿಂದೆ ಬಿದ್ದವರಲ್ಲ. ಅದರಲ್ಲಿ ಶಿಶುನಾಳ ಶರೀಫರ ಗುಡುಗುಡಿ ಹಾಡು ಇದೆ, ಅದರಿಂದಲೇ ಶುರು ಮಾಡು. 2010ರಲ್ಲಿ ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮದಲ್ಲಿ ಇವರು ಹಾಡಿದ್ದರು. ನೀನು ವಿಡಿಯೋ ಅಂದಿದ್ದಕ್ಕೆ ಹೇಳುತ್ತೇನೆ, ಕತೆ ಕಟ್ಟಿ ತೆಗೆದ ವಿಡಿಯೋಗಿಂತ ಇವರ ಸ್ಟೇಜ್ ವಿಡಿಯೋ ತೋರಿಸು. ಲುಂಗಿ ಉಟ್ಟು ಕಾಲಿಗೆ ಗೆಜ್ಜೆ ಕಟ್ಟಿ ಕುಣಿಯುತ್ತಾರೆ. ಭರತನಾಟ್ಯ ಕಲಿತವರು, ಹಾಗಾಗಿ ಆ ಕುಣಿತ ಸುಮ್ನೆ ಹಾರಾಟ ಅಲ್ಲ, ತಾಳಕ್ಕೆ ಸರಿಯಾಗಿ ಹೆಜ್ಜೆ ಬೀಳುತ್ತದೆ.

ಎರಡನೆಯದು ಸ್ವರಾತ್ಮ. ಹಾಡುವವರು ರಘು ಅವರ ತಮ್ಮ ವಾಸು ದೀಕ್ಷಿತ್. ಹಿಂದಿ ಹಾಡು ಜಾಸ್ತಿ ಅನ್ನುವುದು ನನ್ನ ತಕರಾರು. ಕನ್ನಡದ್ದೂ ಇದೆ, ಹುಡುಕಿ ಹಾಕು. ಇನ್ನೊಂದು ಮಜಾ ಹೇಳುತ್ತೇನೆ, ನಿನ್ನ ಗೆಳತಿಯರು ಅಗಂ ಕೇಳಿಯೇ ಇರುತ್ತಾರೆ. ಅದು ಕೇರಳದ ಬ್ಯಾಂಡ್ ಅಂತಲೇ ಅಂದುಕೊಂಡಿರುತ್ತಾರೆ. ಬೆಂಗಳೂರಿನದ್ದು ಅಂತ ಹೇಳಿ ಮುಖ ನೋಡು.

ಕ್ಯಾಸೆಟ್ ಮಾವ:

ಮಕ್ಕಳೇ, ಒಂದು ಮಾತು ಹೇಳುತ್ತೇನೆ, ಬೈಯಬೇಡಿ. ಸಿನಿಮಾಕ್ಕೆ ಸೇರದ ಹಾಡು ಬೇಕು ಅಂದರೆ ಕನ್ನಡದಲ್ಲಿ ಅದು ಯಾವತ್ತೋ ಇತ್ತು. ಭಾವಗೀತೆ ಅಂತ ಹೆಸರು. ನಿಸಾರ್ ಅಹಮದ್ ಪದ್ಯಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ ಕ್ಯಾಸೆಟ್ 1978ರಲ್ಲೇ ಬಂತು. ಅಶ್ವತ್ಥ್ ಶರೀಫರ ಪದ ಹಾಡುತ್ತಿದ್ದಾಗ ಈ ದೀಕ್ಷಿತರಿನ್ನೂ ಹುಡುಗರು. 2005ರಲ್ಲಿ ಬೆಂಗಳೂರಿನ ಅರಮನೆ ಮೈದಾನ ತುಂಬ ಜನ ಸೇರಿದ್ದು ಅಶ್ವತ್ಥರ ಭಾವಗೀತೆ ಕೇಳಲಿಕ್ಕೆ, ಸಿನಿಮಾ ಸ್ಟಾರ್ ನೋಡಲಿಕ್ಕೆ ಅಲ್ಲ. ನಾನು ಕಾಸರಗೋಡಿನಲ್ಲಿ ಕ್ಯಾಸೆಟ್ ಅಂಗಡಿ ಇಟ್ಟಿದ್ದೆ, ಒಂದು ಕಡೆ ಮಾಪಿಳಪ್ಪಾಟ್ಟು, ಒಂದು ಕಡೆ ಯಕ್ಷಗಾನ, ನಡುವೆ ಭಾವಗೀತೆ. ಮೂರೂ ಸರಿಯಾಗಿ ಹೋಗುತ್ತಿತ್ತು. ಒಂದನ್ನು ತಗೊಂಡವರು ಇನ್ನೊಂದನ್ನೂ ತಗೊಳ್ಳುತ್ತಿದ್ದರು.

ಪೆರ್ಲದವಳು:

ಮಾವ, ಒಪ್ಪಿದೆ. ಮನೆಯಲ್ಲಿ ಅಮ್ಮ ದಿನಾ ಹಾಡುತ್ತಾರೆ. ಆದರೆ ವಿಡಿಯೋ ಎಲ್ಲಿ? ಭಾವಗೀತೆಯ ವಿಡಿಯೋ ಅಂದರೆ ಒಂದು ಹೂವು, ಒಂದು ಹೊಳೆ, ರೇಷ್ಮೆ ಸೀರೆ ಉಟ್ಟವರು ಮರ ಹಿಡಿದು ನಿಂತದ್ದು. ಅದನ್ನು ಹಾಕಿದರೆ ಇಡೀ ವರ್ಷ ನನ್ನನ್ನು ಗೇಲಿ ಮಾಡುತ್ತಾರೆ.

ಕ್ಯಾಸೆಟ್ ಮಾವ:

ಹಹ್ಹ, ಅದು ಹೌದು ಮಾರಾಯ್ತಿ. ಆ ಮರ ನನಗೂ ಸಾಕಾಗಿದೆ.

ಹೊಸೂರು ಬಸ್:

ಹೊಸೂರಿನಿಂದ ಬರೆಯುತ್ತಿದ್ದೇನೆ. ನಮ್ಮದು ಉಲ್ಟಾ ಕತೆ, ಬೆಂಗಳೂರು ಇಲ್ಲಿಂದ 40 ಕಿಲೋಮೀಟರ್, ಬ್ಯಾಂಡ್ ನೋಡಬೇಕು ಅಂದರೆ ಬಸ್ ಹತ್ತಿದರಾಯಿತು, ವಾಪಸ್ ಬರುವುದೇ ಕಷ್ಟ. ಕೊನೆ ಹಾಡು ನಾನು ಇವತ್ತಿನವರೆಗೆ ಒಂದು ಶೋನಲ್ಲೂ ಕೇಳಿಲ್ಲ, ಯಾಕೆಂದರೆ ಕೊನೆ ಬಸ್ ಹಿಡಿಯಬೇಕು. ಅವರು ಒನ್ಸ್ ಮೋರ್ ಹಾಡುವಾಗ ನಾನು ಸಿಲ್ಕ್ ಬೋರ್ಡ್ ಹತ್ತಿರ ಟ್ರಾಫಿಕ್‌ನಲ್ಲಿ ನಿಂತಿರುತ್ತೇನೆ.

ನನ್ನ ತಮಿಳು ಫ್ರೆಂಡ್ಸ್ ಕೂಡ ಇದೇ ಪ್ರಶ್ನೆ ಕೇಳಿದ್ದರು. ಅವರು ಕ್ಯಾಸ್ಟ್‌ಲೆಸ್ ಕಲೆಕ್ಟಿವ್ ತೋರಿಸಿದರು, 2018ರಲ್ಲಿ ಚೆನ್ನೈನಲ್ಲಿ ಮೊದಲ ಶೋ ಕೊಟ್ಟ ದೊಡ್ಡ ತಂಡ. ಚೆನ್ನೈ ಕೇರಿಗಳ ಗಾನಾ ಹಾಡುವವರು, ರ‍್ಯಾಪ್‌ನವರು, ಪರೈ ಅನ್ನುವ ತಮಟೆ ಬಡಿಯುವವರು ಎಲ್ಲ ಒಂದೇ ಸ್ಟೇಜ್ ಮೇಲೆ. ತಮ್ಮ ಕೇರಿಯ ವಾದ್ಯವನ್ನು, ಯಾವುದನ್ನು ಸಾವಿನ ಮನೆ ಮುಂದೆ ಮಾತ್ರ ಕೇಳಬೇಕು ಅಂತ ದೂರ ಇಟ್ಟಿದ್ದರೋ ಅದನ್ನೇ ತಂದು ಮುಂದಿನ ಸಾಲಿನಲ್ಲಿ ನಿಲ್ಲಿಸಿದ್ದಾರೆ. ನಾನು ಆವತ್ತು ಆಲ್ ಓಕೆ ಅನ್ನುವ ಕನ್ನಡದವನ ರ‍್ಯಾಪ್ ತೋರಿಸಿದೆ. ಹುಡುಗರು ತಲೆಯೇನೋ ಆಡಿಸಿದರು, ಆದರೆ ಎರಡನೇ ಸಲ ಹಾಕು ಅನ್ನಲಿಲ್ಲ. ರ‍್ಯಾಪ್‌ಗೆ ಮಾತು ಅರ್ಥ ಆಗಬೇಕು. ಆಮೇಲೆ ವಾಸು ದೀಕ್ಷಿತ್ ಕಲೆಕ್ಟಿವ್ ಹಾಕಿದೆ, ತತ್ವಪದ, ಜನಪದ ಎಲ್ಲ ಹಾಡುತ್ತಾರೆ. ಅದನ್ನು ಅವರೇ ಕೇಳಿ ತಗೊಂಡರು. ನನ್ನ ಅನುಭವದಲ್ಲಿ ಭಾಷೆ ಬಾರದವರಿಗೆ ಮೊದಲು ಹಿಡಿಸುವುದು ಹಾಡಿನ ನಡಿಗೆ.

ಮತ್ತೆ ದಯವಿಟ್ಟು ಫೋನ್ ಸ್ಪೀಕರ್‌ನಲ್ಲಿ ಹಾಕಬೇಡ. ಬೇಸ್ ಪೂರ್ತಿ ಹೋಗುತ್ತದೆ, ಉಳಿಯುವುದು ಬರೀ ಚೀರಾಟ. ಒಂದು ಸಣ್ಣ ಬ್ಲೂಟೂತ್ ಸ್ಪೀಕರ್ ಯಾರ ಹತ್ತಿರವಾದರೂ ಇರುತ್ತದೆ, ಕೇಳು.

ಜತ್ತಿನವ:

ನಮ್ಮ ಕಡೆ ಬ್ಯಾಂಡ್ ಅಂದರೆ ಮದುವೆ ಮೆರವಣಿಗೆಯ ಬ್ಯಾಂಜೋ ಪಾರ್ಟಿ. ಇದನ್ನೆಲ್ಲ ಓದಿ ಈಗ ರಘು ದೀಕ್ಷಿತ್ ಕೇಳುತ್ತಿದ್ದೇನೆ. ಚೆನ್ನಾಗಿದೆ, ಆದರೆ ನಮ್ಮ ಬ್ಯಾಂಜೋದಷ್ಟು ಸದ್ದು ಇಲ್ಲ.

ಕುಂಬಳೆ ಪೇಟೆ:

ಮೇಲೆ ಯಾರೂ ಹೇಳದ ಒಂದು ವಿಷಯ ಇದೆ. ಮಲಯಾಳದಲ್ಲಿ ಬ್ಯಾಂಡ್ ಜಾಸ್ತಿ ಯಾಕೆ ಅಂದರೆ ಅವರಿಗೆ ಕಪ್ಪ ಟಿವಿ ಅನ್ನುವ ಮ್ಯೂಸಿಕ್ ಚಾನೆಲ್ ಇತ್ತು. ಅದರ ಮ್ಯೂಸಿಕ್ ಮೋಜೋ ಕಾರ್ಯಕ್ರಮದಲ್ಲಿ ಕಂಡೇ 2013ರಲ್ಲಿ ತೈಕ್ಕೂಡಂ ಬ್ರಿಡ್ಜ್ ಬ್ಯಾಂಡ್ ಮನೆಮನೆಗೆ ಗೊತ್ತಾಯಿತು. ಅಡುಗೆಮನೆಯಲ್ಲಿ ತೆಂಗಿನಕಾಯಿ ತುರಿಯುತ್ತಿದ್ದ ಅಜ್ಜಿಗೂ ಬ್ಯಾಂಡ್ ಹೆಸರು ಗೊತ್ತಿತ್ತು. ಕನ್ನಡದಲ್ಲಿ ಟಿವಿ ಹಾಡು ಅಂದರೆ ಸಿನಿಮಾ ಹಾಡು, ಇಲ್ಲವೇ ಸಿನಿಮಾ ಹಾಡನ್ನೇ ಮಕ್ಕಳ ಕೈಲಿ ಹಾಡಿಸುವ ಸ್ಪರ್ಧೆ. ಹುಡುಗರಿಗೆ ಪ್ರತಿಭೆ ಇಲ್ಲ ಅಂತ ನಾನು ಒಪ್ಪುವುದಿಲ್ಲ.

ಮತ್ತೆ ನಮ್ಮೂರಿನವರು ಯಾರಾದರೂ ಬ್ಯಾಂಡ್ ಕಟ್ಟುವುದಾದರೆ ಹಾಡಿಗೆ ಪದ್ಯ ಇಲ್ಲೇ ಉಂಟು. ಮಂಜೇಶ್ವರದ ಗೋವಿಂದ ಪೈಗಳು ತೀರಿಕೊಂಡದ್ದು 1963ರಲ್ಲಿ. ಬರೆದವರು ಹೋದ ಮೇಲೆ 60 ವರ್ಷ ಹಕ್ಕು ಇರುತ್ತದೆ, ಅದು 2023ಕ್ಕೆ ಮುಗಿಯಿತು. ಅವರು ಬದುಕಿದ್ದಾಗ ಅಚ್ಚಾದ ಪದ್ಯಗಳನ್ನು ಈಗ ಯಾರು ಬೇಕಾದರೂ ಗಿಟಾರಿಗೆ ಹಾಕಬಹುದು, ಯಾರ ಅನುಮತಿಯೂ ಬೇಡ. ಕಯ್ಯಾರ ಕಿಞ್ಞಣ್ಣ ರೈಗಳದ್ದು ಬೇಕಾದರೆ ಕೇಳಿಯೇ ಹಾಡಬೇಕು, ಅವರು ಹೋದದ್ದು 2015ರಲ್ಲಿ. ರ‍್ಯಾಪ್ ಮಾಡುವವರಿಗೆ ಮಾತ್ರ ಪೈಗಳು ಸ್ವಲ್ಪ ಕಷ್ಟ, ಸಾಲುಸಾಲಿನ ಎರಡನೇ ಅಕ್ಷರ ಹೊಂದಿಸುವ ಆದಿಪ್ರಾಸವೇ ಬೇಡ ಅಂತ ಬಿಟ್ಟವರು!

ಮತ್ತೆ ವಿಡಿಯೋ ಬೇಕಲ ಕೋಟೆಯಲ್ಲಿ ಬೇಡ. ಅಲ್ಲಿ ಪುರಾತತ್ವ ಇಲಾಖೆಯ ಪರವಾನಗಿ ಬೇಕು, ಹಣ ಕಟ್ಟಬೇಕು, ಮೇಲಿಂದ ಎಲ್ಲರೂ ಅಲ್ಲೇ ತೆಗೆದಿದ್ದಾರೆ. ಅಡಿಕೆ ಒಣಗಿಸುವ ಅಂಗಳ ಸಾಕು.

ಪೆರ್ಲದವಳು:

ಸೋಮವಾರ ಆಯಿತು. ಸ್ಪೀಕರ್ ಸಿಕ್ಕಿತು, ಗುಡುಗುಡಿ ಸ್ಟೇಜ್ ವಿಡಿಯೋ ಹಾಕಿದೆ. ಮೊದಲು ಲುಂಗಿ ನೋಡಿ ನಕ್ಕರು, ಒಂದು ನಿಮಿಷದಲ್ಲಿ ಬೆಂಚು ಬಡಿಯುತ್ತಿದ್ದರು. ಅರ್ಥ ಎಂತ ಅಂತ ಕೇಳಿದಾಗ ಸಿಕ್ಕಿಬಿದ್ದೆ. ಹುಕ್ಕಾ ಸೇದು ಅಂತ ಹೇಳುತ್ತಾರೆ, ಆದರೆ ಅದು ಹುಕ್ಕಾ ಅಲ್ಲ, ಅಂತ ನನ್ನ ಹರಕು ಮಲಯಾಳಂನಲ್ಲಿ ಹೇಳಿದೆ. ಯಾರಿಗೂ ತಿಳಿಯಲಿಲ್ಲ, ನನಗೂ ಪೂರ್ತಿ ತಿಳಿದಿಲ್ಲ. ಒಬ್ಬಳು ಬರೆದವರಿಗೆ ಇನ್‌ಸ್ಟಾ ಇದೆಯಾ ಅಂತ ಕೇಳಿದಳು. 1889ರಲ್ಲೇ ತೀರಿಕೊಂಡಿದ್ದಾರೆ ಅಂದೆ. ಅಗಂ ವಿಷಯ ಹೇಳಿದ್ದಕ್ಕೆ ಜಗಳವೇ ಆಯಿತು, ಹಾಡುವವರು ನಮ್ಮವರಲ್ವಾ ಅಂತ ಅವರ ವಾದ, ಇನ್ನೂ ಮುಗಿದಿಲ್ಲ.

ಗೋವಿಂದ ಪೈ ವಿಷಯ ತಮ್ಮನಿಗೆ ಹೇಳಿದ್ದೇನೆ. ನಿನ್ನೆಯಿಂದ ಗಿಟಾರ್ ಹಿಡಿದು ಅಂಗಳದಲ್ಲಿ ಕೂತಿದ್ದಾನೆ. ಅವನಿಗೆ ಬರುವುದು ಎರಡೇ ಕಾರ್ಡ್. ಅಡಿಕೆ ಎತ್ತಿ ಚೀಲಕ್ಕೆ ಹಾಕು ಅಂತ ಅಮ್ಮ ಒಳಗಿನಿಂದ ಕೂಗುತ್ತಿದ್ದಾರೆ.