ಲ್ಯಾಂಡ್ ಕಾರ್ಡಿಗೆ ಬಣ್ಣ ಇದೆಯಾ? ನಿಯಮ ಪ್ರಶ್ನೋತ್ತರ

ಪ್ರಶ್ನೆ: ಮ್ಯಾಜಿಕ್: ದ ಗ್ಯಾದರಿಂಗ್ ಕಾರ್ಡ್ ಆಟದಲ್ಲಿ ಫಾರೆಸ್ಟ್ ಅನ್ನೋ ಲ್ಯಾಂಡ್ ಕಾರ್ಡಿನ ಚೌಕಟ್ಟು ಹಸಿರು, ಅದು ಕೊಡೋ ಮನಾ (ಕಾರ್ಡ್ ಆಡೋಕೆ ಬೇಕಾದ ಶಕ್ತಿ) ಹಸಿರು. ಆದ್ರೂ ಅದು ಹಸಿರು ಕಾರ್ಡ್ ಅಲ್ಲ ಅಂತಾರೆ. ಅದೇ ಜನ ಕಮಾಂಡರ್ (ಒಂದು ಮುಖ್ಯ ಕಾರ್ಡಿನ ಬಣ್ಣಗಳಿಗೆ ತಕ್ಕಂತೆ ಡೆಕ್ ಕಟ್ಟೋ ಬಗೆ) ಆಡುವಾಗ, ಹಸಿರಿಲ್ಲದ ಡೆಕ್‌ಗೆ ಫಾರೆಸ್ಟ್ ಹಾಕೋ ಹಾಗಿಲ್ಲ ಅಂತಾರೆ. ಎರಡೂ ಹೇಗೆ ಸರಿಯಾಗುತ್ತೆ? ಜಡ್ಜ್ ಯಾರಾದ್ರೂ ಇದ್ರೆ ದಯವಿಟ್ಟು ಹೇಳಿ.

ಉತ್ತರ (ಜಡ್ಜ್): ಎರಡೂ ಸರಿಯೇ. ಒಂದು ಬಣ್ಣದ ಲೆಕ್ಕ, ಇನ್ನೊಂದು ಕಲರ್ ಐಡೆಂಟಿಟಿಯ, ಅಂದರೆ ಕಾರ್ಡ್ ಯಾವ ಡೆಕ್‌ಗೆ ಸೇರಬಹುದು ಎಂದು ಕಮಾಂಡರ್‌ನಲ್ಲಿ ನೋಡುವ ಬಣ್ಣಗಳ, ಲೆಕ್ಕ.

ಕಾರ್ಡಿನ ಬಣ್ಣವನ್ನು ನಿಯಮ 105.2 ಹೇಳುತ್ತದೆ. ಬಲ ಮೇಲ್ಮೂಲೆಯ ಮನಾ ಕಾಸ್ಟ್‌ನಲ್ಲಿ (ಕಾರ್ಡ್ ಆಡಲು ತೆರಬೇಕಾದ ಮನಾ) ಯಾವ ಬಣ್ಣದ ಚಿಹ್ನೆಗಳಿವೆಯೋ ಆ ಬಣ್ಣ. ಇಲ್ಲವೇ ಟೈಪ್ ಸಾಲಿನ ಎಡತುದಿಯಲ್ಲಿ ಬಣ್ಣದ ಚುಕ್ಕೆ, ಅಂದರೆ ಕಲರ್ ಇಂಡಿಕೇಟರ್, ಇದ್ದರೆ ಅದರ ಬಣ್ಣ. ಲ್ಯಾಂಡ್‌ಗೆ ಮನಾ ಕಾಸ್ಟೇ ಇಲ್ಲ, ಹಾಗಾಗಿ ಅದು ಕಲರ್‌ಲೆಸ್, ಅಂದರೆ ಬಣ್ಣವಿಲ್ಲದ್ದು. ಚೌಕಟ್ಟಿನ ಬಣ್ಣ ಬರೀ ಗುರುತಿಗೆ, ಕೊಡುವ ಮನಾದ ಬಣ್ಣ ಲ್ಯಾಂಡ್‌ಗೆ ಅಂಟುವುದಿಲ್ಲ.

ಆಟದಲ್ಲಿ ಇದು ಕಚ್ಚುವುದು ಇಂಥ ಕಡೆ: ವಾಲಕುಟ್, ದ ಮೋಲ್ಟನ್ ಪಿನಾಕಲ್ ಎಂಬ ಲ್ಯಾಂಡ್ 3 ಡ್ಯಾಮೇಜ್ ಕೊಡುವಾಗ ಎದುರಾಳಿ "ನನ್ನ ಕ್ರೀಚರ್‌ಗೆ ಪ್ರೊಟೆಕ್ಷನ್ ಫ್ರಂ ರೆಡ್ ಇದೆ" (ಕೆಂಪು ಮೂಲದ ಡ್ಯಾಮೇಜ್ ತಾಗದು) ಎಂದರೆ ನಡೆಯದು. ಡ್ಯಾಮೇಜ್‌ನ ಮೂಲ ವಾಲಕುಟ್ ಲ್ಯಾಂಡ್, ಅದು ಕೆಂಪಲ್ಲ. ಬ್ಲಡ್ ಮೂನ್ ಕಾರ್ಡ್ ಬಂದು ನಾನ್‌ಬೇಸಿಕ್ (ಬೇಸಿಕ್ ಅಲ್ಲದ) ಲ್ಯಾಂಡ್‌ಗಳೆಲ್ಲ ಮೌಂಟನ್ ಆದರೂ ಅಷ್ಟೇ. ಟೈಪ್ ಬದಲಾಯಿತು, ಕೆಂಪು ಮನಾ ಬಂತು, ಬಣ್ಣ ಬರಲಿಲ್ಲ.

ಮರುಪ್ರಶ್ನೆ: ಹಾಗಾದ್ರೆ ಕ್ರೀಚರ್ ಆಗೋ ಲ್ಯಾಂಡ್‌ಗಳು? ಕ್ರೀಚರ್ ಕೊಲ್ಲೋ ಡೂಮ್ ಬ್ಲೇಡ್ ಕಾರ್ಡ್‌ನಿಂದ ಹೊಡೀಬಹುದಾ?

ಉತ್ತರ (ಜಡ್ಜ್): ಲ್ಯಾಂಡ್ ಅನ್ನು ಕ್ರೀಚರ್ ಮಾಡುವ ಎಬಿಲಿಟಿಯಲ್ಲಿ ಬಣ್ಣದ ಹೆಸರಿದೆಯಾ ನೋಡಿ. ಕ್ರೀಪಿಂಗ್ ಟಾರ್ ಪಿಟ್ "ನೀಲಿ ಮತ್ತು ಕಪ್ಪು ಎಲಿಮೆಂಟಲ್" ಆಗುತ್ತೆ ಎಂದೇ ಬರೆದಿದೆ. ಡೂಮ್ ಬ್ಲೇಡ್‌ಗೆ ಕಪ್ಪಲ್ಲದ ಕ್ರೀಚರ್ ಬೇಕು, ಆದ್ದರಿಂದ ಇದನ್ನು ಟಾರ್ಗೆಟ್ ಮಾಡಲಾಗದು. ಮ್ಯೂಟವಾಲ್ಟ್ 2/2 (ಬಲ 2, ತಾಳಿಕೆ 2) ಆಗುತ್ತೆ, ಎಲ್ಲ ಕ್ರೀಚರ್ ಟೈಪ್‌ಗಳೂ ಬರುತ್ತವೆ, ಬಣ್ಣದ ಮಾತೇ ಇಲ್ಲ. ಕಲರ್‌ಲೆಸ್ ಎಂದರೆ ಕಪ್ಪಲ್ಲ, ಡೂಮ್ ಬ್ಲೇಡ್ ತಾಗುತ್ತೆ. ಆದರೆ ಒಂದೇ ಬಣ್ಣದ ಕ್ರೀಚರ್ ಕೇಳುವ ಅಲ್ಟಿಮೇಟ್ ಪ್ರೈಸ್ ತಾಗದು, ಯಾಕೆಂದರೆ ಕಲರ್‌ಲೆಸ್ ಎನ್ನುವುದು ಬಣ್ಣವೇ ಅಲ್ಲ. ಇದೇ ಕಾರಣಕ್ಕೆ "ಒಂದು ಬಣ್ಣ ಆರಿಸಿ" ಎಂದಾಗ ಕಲರ್‌ಲೆಸ್ ಎನ್ನಲಾಗದು.

ಟೈಮಿಂಗ್ ತಪ್ಪಬೇಡಿ. ಎಬಿಲಿಟಿ ರಿಸಾಲ್ವ್ ಆದ (ಜಾರಿಗೆ ಬಂದ) ಮೇಲೆಯೇ ಅದು ಕ್ರೀಚರ್. ಸ್ಟ್ಯಾಕ್‌ನಲ್ಲಿ, ಅಂದರೆ ಜಾರಿಗೆ ಕಾಯುವ ಸಾಲಿನಲ್ಲಿ, ಇರುವಾಗಲೇ ಡೂಮ್ ಬ್ಲೇಡ್ ಬಿಡುವ ಆತುರ ಹೊಸಬರಿಗೆ ಸಾಮಾನ್ಯ. ಇನ್ನೊಂದು: ಈ ಟರ್ನ್‌ನಲ್ಲೇ ಇಳಿದ ಲ್ಯಾಂಡ್ ಅನ್ನು ಕ್ರೀಚರ್ ಮಾಡಿದರೆ ಅಟ್ಯಾಕ್ ಇಲ್ಲ, ಟರ್ನ್ ಮುಗಿಯುವ ತನಕ ಅದನ್ನು ಮನಾಗೆ ಟ್ಯಾಪ್ ಮಾಡುವುದೂ ಇಲ್ಲ.

ಇನ್ನೊಬ್ಬರು: ಡ್ರಯಡ್ ಆರ್ಬರ್ ಬಿಟ್ಟಿರಲ್ಲ ಸರ್. ಅದು ಹುಟ್ಟಾ ಹಸಿರು.

ಉತ್ತರ (ಜಡ್ಜ್): ಹೌದು, ಕಲರ್ ಇಂಡಿಕೇಟರ್ ಇರುವ, ಕ್ರೀಚರ್ ಕೂಡ ಆಗಿರುವ ಲ್ಯಾಂಡ್. 2007ರ ಮೊದಲ ಮುದ್ರಣದಲ್ಲಿ ಚುಕ್ಕೆ ಇರಲಿಲ್ಲ, "ಹಸಿರು" ಎಂದು ಬರಹದಲ್ಲೇ ಇತ್ತು. ಟೈಪ್ ಫಾರೆಸ್ಟ್ ಆದ್ದರಿಂದ ವಿಂಡ್‌ಸ್ವೆಪ್ಟ್ ಹೀತ್‌ನಿಂದ ಹುಡುಕಿ ತರಬಹುದು. ಹಸಿರು ಕ್ರೀಚರ್ ಆದ್ದರಿಂದ ಗ್ರೀನ್ ಸನ್ಸ್ ಜೆನಿತ್‌ನಲ್ಲಿ ಎಕ್ಸ್ ಸೊನ್ನೆ ಇಟ್ಟು, ಒಂದೇ ಹಸಿರು ಮನಾಗೆ ತರಬಹುದು. ಆ ಟರ್ನ್‌ನ ಲ್ಯಾಂಡ್ ಡ್ರಾಪ್ (ಕೈಯಿಂದ ಲ್ಯಾಂಡ್ ಇಳಿಸುವ ಅವಕಾಶ) ಆಗಲೂ ನಿಮ್ಮ ಕೈಯಲ್ಲೇ ಉಳಿಯುತ್ತೆ, ಸೊಗಸಿರುವುದೇ ಅಲ್ಲಿ. ಬ್ಲಡ್ ಮೂನ್ ಕೆಳಗೆ ಇದು ಕೆಂಪು ಮನಾ ಕೊಡುವ ಹಸಿರು 1/1 ಆಗಿಯೇ ನಿಲ್ಲುತ್ತೆ.

ಮರುಪ್ರಶ್ನೆ: ಈಗ ಕಮಾಂಡರ್‌ಗೆ ಬನ್ನಿ. ಯಾವ ಲ್ಯಾಂಡ್ ಹಾಕಬಹುದು, ಯಾವುದು ಬೇಡ?

ಉತ್ತರ (ಜಡ್ಜ್): ನಿಯಮ 903.4ರ ಪ್ರಕಾರ ಕಲರ್ ಐಡೆಂಟಿಟಿಗೆ ಮನಾ ಕಾಸ್ಟ್ ಜೊತೆಗೆ ಕಾರ್ಡಿನ ಬರಹದೊಳಗಿನ ಬಣ್ಣದ ಮನಾ ಚಿಹ್ನೆಗಳೂ ಎಣಿಕೆಗೆ ಬರುತ್ತವೆ, ಕಲರ್ ಇಂಡಿಕೇಟರ್ ಕೂಡ. ಆವರಣದೊಳಗಿನ ಜ್ಞಾಪನಾ ಬರಹಕ್ಕೆ ಲೆಕ್ಕವಿಲ್ಲ. ಬೊಜೂಕಾ ಬಾಗ್‌ನ ಬರಹದಲ್ಲಿ ಕಪ್ಪು ಚಿಹ್ನೆ ಇದೆ. ಬಣ್ಣ ಕಲರ್‌ಲೆಸ್, ಐಡೆಂಟಿಟಿ ಕಪ್ಪು.

ಸ್ಟೀಮ್ ವೆಂಟ್ಸ್‌ನಲ್ಲಿ ಚಿಹ್ನೆಗಳಿರುವುದು ಆವರಣದೊಳಗೆ ಮಾತ್ರ. ಹಾಗಂತ ತಪ್ಪಿಸಿಕೊಳ್ಳುವಂತಿಲ್ಲ. ಐಲ್ಯಾಂಡ್, ಮೌಂಟನ್‌ನಂಥ ಬೇಸಿಕ್ ಲ್ಯಾಂಡ್ ಟೈಪ್ ಇದ್ದರೆ, ಅವು ಕೊಡುವ ಪ್ರತಿಯೊಂದು ಬಣ್ಣವೂ ಕಮಾಂಡರ್‌ನ ಐಡೆಂಟಿಟಿಯಲ್ಲಿ ಇರಲೇಬೇಕು ಎಂಬ ಪ್ರತ್ಯೇಕ ನಿಯಮ ಇದೆ. ನಿಮ್ಮ ಫಾರೆಸ್ಟ್ ಸಿಕ್ಕಿಬೀಳುವುದೂ ಇಲ್ಲೇ.

ಉಲ್ಟಾ ಕೇಸ್ ನೋಡಿ: ಉರ್ಬೋರ್ಗ್, ಟೂಂಬ್ ಆಫ್ ಯಾಗ್‌ಮಾತ್ ಎಲ್ಲ ಲ್ಯಾಂಡ್‌ಗಳನ್ನೂ ಸ್ವಾಂಪ್ (ಕಪ್ಪು ಮನಾ ಕೊಡುವ ಲ್ಯಾಂಡ್) ಮಾಡುತ್ತೆ, ಆದರೆ ಕಾರ್ಡಿನ ಮೇಲೆ ಚಿಹ್ನೆಯೂ ಇಲ್ಲ, ಟೈಪ್ ಸಾಲಿನಲ್ಲಿ ಸ್ವಾಂಪ್ ಕೂಡ ಇಲ್ಲ. ಯಾವ ಡೆಕ್‌ಗಾದರೂ ಹಾಕಿ. ಫ್ಲಡೆಡ್ ಸ್ಟ್ರಾಂಡ್, ಸಿಟಿ ಆಫ್ ಬ್ರಾಸ್, ಕಮಾಂಡ್ ಟವರ್ ಕೂಡ ಹಾಗೆಯೇ. ಪೂರ್ತಿ ಕಲರ್‌ಲೆಸ್ ಕಮಾಂಡರ್‌ಗೆ ಬೇಸಿಕ್ ಬೇಕೆಂದರೆ 2016ರಲ್ಲಿ ಓತ್ ಆಫ್ ದ ಗೇಟ್‌ವಾಚ್‌ನಲ್ಲಿ ಬಂದ ವೇಸ್ಟ್ಸ್ ಇದೆ.

ಮರುಪ್ರಶ್ನೆ: ಹಿಂಬದಿ ಲ್ಯಾಂಡ್ ಇರೋ ಎರಡು ಮುಖದ ಕಾರ್ಡ್?

ಉತ್ತರ (ಜಡ್ಜ್): ಶ್ಯಾಟರ್‌ಸ್ಕಲ್ ಸ್ಮ್ಯಾಶಿಂಗ್ ಕೈಯಲ್ಲಿರುವಾಗ ಬರೀ ಕೆಂಪು ಸಾರ್ಸರಿ. ಲ್ಯಾಂಡ್ ಮುಖವಾಗಿ ಆಡಿದ ಮೇಲೆ ಕಲರ್‌ಲೆಸ್ ಲ್ಯಾಂಡ್. "ಲೈಬ್ರರಿಯಿಂದ ಲ್ಯಾಂಡ್ ಕಾರ್ಡ್ ಹುಡುಕಿ" ಎನ್ನುವ ಸ್ಪೆಲ್‌ಗೆ ಇದು ಸಿಗುವುದಿಲ್ಲ, ಅಲ್ಲಿ ಮುಂಬದಿಗಷ್ಟೇ ಬೆಲೆ. ಕಮಾಂಡರ್ ಐಡೆಂಟಿಟಿಗೆ ಮಾತ್ರ ಎರಡೂ ಮುಖ ಸೇರಿಸಿ ಎಣಿಸಿ.